ಮೂರು ಬಡಿತದೊಳಗೆ

ಎಡಮಗ್ಗುಲಿಗೆ ತಿರುಗಿ, ದೇಚಮ್ಮ ಟೀಚರ್.
ಜೆಲ್ ತಣ್ಣಗಿದೆ, ಮಡಿಕೇರಿಯಲ್ಲಿ ಅದು ಹಾಗೇ.

ಎರಡು ಸಿರಿಂಜಿನ ನಡುವೆ ಉಪ್ಪುನೀರನ್ನು
ಅತ್ತಿತ್ತ ದೂಡಿ ನೊರೆಗಟ್ಟಿಸಿ
ಸಿಸ್ಟರ್ ತೋಳಿನ ನರಕ್ಕೆ ಬಿಟ್ಟರು.
ಪರದೆಯಲ್ಲಿ ಬಲಗೋಣೆ ತುಂಬ
ಪುಟ್ಟಿಗೆಂದು ಒಡೆದ ಅಕ್ಕಿತರಿ.

ನಡುವೆ ಗೋಡೆ. ತೆಳು.
ಉಸಿರಿಗೊಮ್ಮೆ ಉಬ್ಬುವ, ಒಣಹಾಕಿದ ಪಂಚೆ.
ಒಂದು ಹರಳೂ ದಾಟಲಿಲ್ಲ.

ಸೀಟಿ ಊದುವ ಮುಂಚೆ ಹಿಡೀತೀರಲ್ಲ,
ಹಾಗೆ ಬಿಗಿಹಿಡೀರಿ ಉಸಿರು.
ಹಿಡಿದರು,
ನಾಪೋಕ್ಲು ಮೈದಾನದಲ್ಲಿ ಸೀಟಿ ಕೈಜಾರಿ
ಮಕ್ಕಳ ಹೆಸರೆಲ್ಲ ನಾಲಗೆಯಿಂದ ಉದುರಿದ
ಆ ಬೆಳಿಗ್ಗೆಯಿಂದ ಹಿಡಿದೇ ಇದ್ದವರ ಹಾಗೆ.

ಈಗ ಬಿಡಿ.

ಒಂದು. ಎರಡು.
ಕದದ ಸಂದಿಯಿಂದ ಎಡಕ್ಕೆ
ನುಸುಳಿದವು ಐದಾರು ಬಿಳಿ ಚುಕ್ಕಿ.

"ಯಾರು ತೆರೆದದ್ದು?"
ಯಾರೂ ತೆರೆದದ್ದಲ್ಲ ಟೀಚರ್, ಮುಚ್ಚಲಿಲ್ಲ.
ಬಸಿರಲ್ಲಿ ಎಲ್ಲರಿಗೂ ಅದೇ ದಾರಿ;
ಮೊದಲ ಅಳುವಿಗೆ ಕದ ಬೀಳುತ್ತದೆ,
ಆಮೇಲೆ ಅಂಟಿಕೊಳ್ಳಬೇಕು.
ನಾಲ್ವರಲ್ಲಿ ಒಬ್ಬರಿಗೆ ಅಂಟುವುದಿಲ್ಲ.

"ಹುಟ್ಟಿದಾಗ ನಾನು ತಡವಾಗಿ ಅತ್ತೆನಂತೆ"
ಎಂದು ನಕ್ಕರು. ಅದಕ್ಕಲ್ಲ ಎನ್ನಬೇಕಿತ್ತು;
ಅಳತೆ ಬರೆದೆ: ಎರಡು ಮಿಲಿಮೀಟರ್.

ಸಂಜೆ ಜೆಲ್ ಒರೆಸುತ್ತ ಎಣಿಸಿದೆ,
ಕೋಣೆಯಲ್ಲಿದ್ದವರು:
ಸಿಸ್ಟರ್, ಡಾಕ್ಟರು, ಟೀಚರ್, ನಾನು.