ನೂರಾ ಹನ್ನೆರಡನೇ ಮರದ ಚಕ್ಕುಬಂದಿ

ಭರಣಿ ಮಳೆ ಬಿದ್ದ ಮಾರನೇ ದಿನ
ಮೊದಲ ಸಲ ಒಳಗೆ ಹೋದೆ. ಐದು ರೂಪಾಯಿ ಚೀಟಿ.
ಹತ್ತೊಂಬತ್ತು ವರ್ಷ ಎದುರಿನ ನೋಂದಣಿ ಕಚೇರಿಯಲ್ಲಿ ಕೂತು
ಈ ಗೇಟನ್ನು ಕಿಟಕಿಯಿಂದಷ್ಟೇ ಕಂಡಿದ್ದವಳು,
ಮಂಡಿಗೆ ನಡಿಗೆ ಬೇಕೆಂದು ಡಾಕ್ಟರು ಬರೆದುಕೊಟ್ಟ ಮೇಲೆ
ಊಟದ ಬಿಡುವಿನಲ್ಲಿ ಅರ್ಧ ಗಂಟೆ.

ತುಂಗೆಯ ದಂಡೆ. ಶಿವಮೊಗ್ಗದ ಬಿಸಿಲೂ ಇಲ್ಲಿ
ಅಪ್ಪಣೆ ಕೇಳಿಯೇ ನೆಲಕ್ಕಿಳಿಯುತ್ತದೆ.
ಯಾವನೋ ದೊರೆ ಯಾವ ಕಾಲದಲ್ಲೋ
ಹಡಗಿನಲ್ಲಿ ತರಿಸಿದ ಬೀಜ ಈಗ ತಲೆಯೆತ್ತಿ ನೋಡುವಷ್ಟು;
ಪ್ರತಿ ಕಾಂಡಕ್ಕೂ ತಗಡಿನ ಫಲಕ: ಸಂಖ್ಯೆ, ಹೆಸರು, ಊರು.
ನಮ್ಮ ದಫ್ತರಿನ ಹಾಗೇ ಎಲ್ಲ ಸರಿಯಿದೆ
ಅಂದುಕೊಳ್ಳುವಷ್ಟರಲ್ಲಿ, ನೂರಾ ಹನ್ನೊಂದಾದ ಮೇಲೆ
ನೂರಾ ಹದಿಮೂರು.

ನಡುವೆ ಒಂದು ಮರ. ಫಲಕವಿಲ್ಲ.
ತೊಗಟೆ ಎರಡು ತುಟಿಯಂತೆ ಕೂಡಿಕೊಂಡಲ್ಲಿ
ಮೊಳೆಯ ತುಕ್ಕು, ತಗಡಿನ ಒಂದು ಮೂಲೆ.
"ನುಂಗಿಬಿಟ್ಟಿದೆ ಅಕ್ಕಾ," ಅಂದ ಮಾಲಿ ದಸ್ತಗೀರ್.
"ನಮ್ಮಪ್ಪನ ಕಾಲದಲ್ಲಿ ಕಡೇ ಎರಡಕ್ಷರ ಕಾಣ್ತಿತ್ತಂತೆ.
ಅವರಿಗೆ ಓದೋಕೆ ಬರ್ತಿರಲಿಲ್ಲ."

ನನಗೆ ಸಿಟ್ಟು. ಹೆಸರಿಲ್ಲದ ಸ್ವತ್ತು
ನನ್ನ ಮೇಜಿನ ಮೇಲೆ ಒಂದು ರಾತ್ರಿಯೂ ಮಲಗಿದ್ದಿಲ್ಲ.
ಮೃಗಶಿರೆಯಲ್ಲಿ ಕೊಡೆ ಹಿಡಿದು ಹೋಗಿ
ಒಂದು ಎಲೆ ಕಿತ್ತು, ಒರೆಸಿ, ಲಕೋಟೆಗೆ ಹಾಕಿ
ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಕಳಿಸಿದೆ.
"ಎಲೆ ಸಾಲದು, ಹೂವು ಬೇಕು," ಎಂದು ಉತ್ತರ.
ಹೂವು ಯಾವಾಗ? ದಸ್ತಗೀರ್ ನಕ್ಕ:
"ನಾನು ಸೇರಿ ಇಪ್ಪತ್ತಾರು ವರ್ಷ. ನೋಡಿಲ್ಲ."

ಆರಿದ್ರೆ, ಪುನರ್ವಸು: ಒಂದೇ ನೀರಿಗೆ ಎರಡು ಹೆಸರು.
ಪುಷ್ಯದಲ್ಲಿ ದಾರಿಯೆಲ್ಲ ಪಾಚಿ;
ಜಾರಿದರೆ ಕಷ್ಟ, ನಿಲ್ಲಿಸಿ, ಎಂದರು ಅದೇ ಡಾಕ್ಟರು.
ನಿಲ್ಲಿಸಲಿಲ್ಲ.
ಆಶ್ಲೇಷದ ಮೂರನೇ ದಿನ ಹೊಳೆ
ಚೀಟಿಯಿಲ್ಲದೆ ಒಳಗೆ ಬಂತು.
ಎಂಟು ಮೆಟ್ಟಿಲು, ಗುಲಾಬಿ ಪಾತಿ, ಕಲ್ಲುಬೆಂಚು,
ಒಂದೊಂದನ್ನೂ ಮುಟ್ಟಿ ನೋಡಿ, ಏನನ್ನೂ ಕೊಳ್ಳದ ಗಿರಾಕಿಯಂತೆ
ಹುಬ್ಬೆಯ ಹೊತ್ತಿಗೆ ಹಿಂದಿರುಗಿತು.
ಮರದ ಸೊಂಟಕ್ಕೆ ಕೆಸರಿನ ಗೆರೆ,
ಸಹಿ ಬಾರದವರ ಹೆಬ್ಬೆಟ್ಟಿನಷ್ಟು ಖಚಿತ.

ಚಿತ್ತೆ ಚಿತ್ತ ಬಂದಲ್ಲಿ ಸುರಿದು
ಬಿಸಿಲು ಬಿಟ್ಟ ದಿನ ಶಾಲೆಯ ಮಕ್ಕಳು,
ಫಲಕ ನೋಡಿ ಹೆಸರು ಬರೆದುಕೊಳ್ಳುವ ಸಾಲು.
"ಮಿಸ್, ಇದಕ್ಕೇನು ಬರೀಲಿ?"
"ಜಾಗ ಬಿಟ್ಟು ಮುಂದೆ ಬಾ."
ಎರಡು ಜಡೆಯ ಹುಡುಗಿ ಒಂದು ಗೆರೆ ಬಿಟ್ಟಳು;
ತಿರುಗಿ ನೋಡಿ, ಇನ್ನೊಂದನ್ನೂ ಬಿಟ್ಟಳು.

ಮಾಗಿಯಲ್ಲಿ ಎಲೆ ಉದುರಿತು.
ಉದುರಿದ ಮೇಲೆ ಮರ ಇನ್ನಷ್ಟು ಜಾಗ ಹಿಡಿದಂತಿತ್ತು.
ಬೆಂಚಿನಲ್ಲಿ ಕೂತು, ಅಭ್ಯಾಸಬಲ,
ಬಸ್ ಟಿಕೀಟಿನ ಹಿಂದೆ ಬರೆದೆ:
ಪೂರ್ವಕ್ಕೆ ಸೋರುವ ನಲ್ಲಿ, ಅಲ್ಲಿ ನೀರು ಕುಡಿಯುವ ಪಿಕಳಾರ.
ಪಶ್ಚಿಮಕ್ಕೆ ನೂರಾ ಹದಿಮೂರರ ನೆರಳು, ಮೂರು ಗಂಟೆಯ ನಂತರ ಮಾತ್ರ.
ದಕ್ಷಿಣಕ್ಕೆ ಹೊಳೆ; ಈ ಗಡಿ ಖಾಯಂ ಅಲ್ಲ.
ಉತ್ತರಕ್ಕೆ ನಾನು.
ಸದರಿ ಮರವು ಯಾರ ತಂಟೆ ತಕರಾರೂ ಇಲ್ಲದೆ
ತನ್ನ ಸ್ವಂತ ಅನುಭವದಲ್ಲಿರುತ್ತದೆ.

ಹೋಳಿಯ ವಾರ ಇಲಾಖೆಯಿಂದ ಹೊಸ ಫಲಕಗಳು ಬಂದವು.
ಹಸಿರು ಬಣ್ಣ, ಬಿಳಿ ಅಕ್ಷರ:
ನೂರಾ ಹನ್ನೆರಡು. ಗುರುತಿಸಿಲ್ಲ.
ದಸ್ತಗೀರ್ ಸುತ್ತಿಗೆ ತಂದಿದ್ದ. ನಾನು ಏನೂ ಹೇಳಲಿಲ್ಲ,
ಆ ತುಟಿಗಳ ಕಡೆ ನೋಡಿದೆ ಅಷ್ಟೆ.
ಅವನು ಸುತ್ತಿಗೆ ಕೆಳಗಿಟ್ಟು, ಹಳೇ ತಂತಿ ಹುಡುಕಿ
ಕೊಂಬೆಗೆ ಕಟ್ಟಿದ, ಸಡಿಲವಾಗಿ,
ಇನ್ನೂ ದಪ್ಪಗಾಗುವುದಿದ್ದರೆ ಆಗಲಿ ಎಂಬಷ್ಟು.

ಈ ವರ್ಷ ಭರಣಿ ತಡ.
ಮಂಡಿ ನೋವು ಹಾಗೇ ಇದೆ.
ಚೀಟಿ ಹತ್ತು ರೂಪಾಯಿ ಆಗಿದೆ.