ನಲವತ್ತಮೂರು ಮೆಟ್ಟಿಲು

ಹಲಗೆದಾರಿಗೆ ನನ್ನ ಗುರುತು ಗಾಲಿಯಿಂದ.
ಟಕ್ಕು, ಟಕ್ಕು, ಟಕ್ಕು.
ಒಂದು ಹಲಗೆ ಮಾತ್ರ ಬೇರೆ ರಾಗ ತೆಗೆಯುತ್ತದೆ,
ಹೋದ ಚಳಿಗಾಲದ ಹಿಮಕ್ಕೆ ಬಾಗಿದ್ದು.
ಅಲ್ಲಿ ಮುಂದಿನ ಪುಟ್ಟ ಚಕ್ರ ಸಿಕ್ಕಿಕೊಂಡರೆ
ಉರ್ಮಸ್ ಹಿಂದಿನಿಂದ ಕೈ ಹಾಕಲು ಬರುತ್ತಾನೆ.
ಬೇಡ ಎನ್ನುತ್ತೇನೆ. ಎರಡು ಸಲ ಎನ್ನಬೇಕಾಗುತ್ತದೆ.

ಫಲಕದಲ್ಲಿ ಎಸ್ಟೋನಿಯನ್, ರಷ್ಯನ್ ಎರಡರಲ್ಲೂ ಬರೆದಿತ್ತು:
ಗಾಲಿಕುರ್ಚಿಗೆ ಅನುಕೂಲವಿದೆ.
ಇದೆ, ಗೋಪುರದ ಬುಡದ ತನಕ.
ಆಮೇಲೆ ನಲವತ್ತಮೂರು ಮೆಟ್ಟಿಲು.
ಲೆಕ್ಕ ನನ್ನದಲ್ಲ,
ಏದುಸಿರಲ್ಲಿ ಕೂಗಿ ಎಣಿಸುತ್ತಾ ಹತ್ತಿದ
ತಂಗಿಯ ಮಗ ಕಾರೆಲ್‌ನದು.

ಮೇಲಿಂದ ಸುದ್ದಿ ಉದುರಿತು:
ಕೊಲ್ಲಿಯ ಮೇಲೆ ಕ್ರೌಂಚಗಳು! ಮುನ್ನೂರು! ಇಲ್ಲ, ನಾನೂರು!
ಲೇಯಿದಾ, ಕೇಳಿಸ್ತಾ?
ಕೇಳಿಸಿತು.
ಅಷ್ಟೇ ಸಾಕು ನನಗೆ ಎಂದುಕೊಂಡಿದ್ದಾರೆ.

ಥರ್ಮಾಸಿನ ಚಹಾ ಮೊಣಕಾಲ ಮೇಲೆ ಚೆಲ್ಲಿತು;
ಕಾಲಿಗೆ ಬಿಸಿ ಗೊತ್ತಾಗಲಿಲ್ಲ, ಕಣ್ಣಿಗೆ ಆವಿ ಕಂಡಿತು.
ಒರೆಸಲು ಬಗ್ಗಿದೆ.
ಜೊಂಡಿನ ನಡುವೆ, ನನ್ನ ಎದೆಯೆತ್ತರಕ್ಕೆ,
ಒಂದು ಹಳದಿ ಕಣ್ಣು.
ಕೊಕ್ಕನ್ನು ಆಕಾಶಕ್ಕೆತ್ತಿ, ಮೈಯೆಲ್ಲ ಜೊಂಡಿನ ಗೆರೆ ಎಳೆದುಕೊಂಡು
ನಾವು ಹೂಪ್ ಎನ್ನುವ ಹಕ್ಕಿ.
ಗಾಳಿ ಬಂದರೆ ಜೊಂಡಿನ ಜತೆ ತೂಗುತ್ತಿತ್ತು,
ನಿಂತರೆ ನಿಲ್ಲುತ್ತಿತ್ತು.
ನಾನು ಚಹಾ ಒರೆಸಲಿಲ್ಲ.

ಇಳಿದು ಬಂದವರು, ಅಯ್ಯೋ ಪಾಪ ಎನ್ನುವ ಮುಖದಲ್ಲಿ,
ಫೋಟೋ ತೋರಿಸಿದರು: ಬೂದು ಚುಕ್ಕೆಗಳು.
ಚೆನ್ನಾಗಿವೆ ಎಂದೆ. ನಿಜಕ್ಕೂ ಹೊಟ್ಟೆಕಿಚ್ಚಾಯಿತು.
ಹೂಪಿನ ಮಾತು ಎತ್ತಲಿಲ್ಲ.
ಕಾರೆಲ್ ಮಾತ್ರ ನನ್ನ ಒದ್ದೆ ಮೊಣಕಾಲು ನೋಡಿ, ಮುಖ ನೋಡಿ,
ಕುರ್ಚಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು
ಜೊಂಡಿನೊಳಗೆ ಇಣುಕತೊಡಗಿದ.