ಚುಕ್ಕೆ ಮಾಯವಾದ ಬುಧವಾರ

ಕೊರ್ಡೋವಾದ ತಗಡಿನ ಶೆಡ್ಡು, ಬೆಳಗಿನ ನಾಲ್ಕು.
ಪೆರ್ಲಿಟಾ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿಯುತ್ತಾಳೆ;
ನೇರ ಬೆಳಕಿಗೆ ಮೀನು ಸುಳ್ಳು ಹೇಳುತ್ತದಂತೆ.

ಏಳನೇ ತೊಟ್ಟಿಯ ನೀಲಿ ಟ್ಯಾಂಗ್
ನಿನ್ನೆ ಉಪ್ಪು ಚಿಮುಕಿಸಿದ ಹಾಗಿತ್ತು,
ಪೈಪಿಗೆ ಉಜ್ಜಿ ಉಜ್ಜಿ ಒಂದು ಮಗ್ಗುಲು ಬಣ್ಣ ಬಿಟ್ಟಿತ್ತು.
ಇವತ್ತು ಒರೆಸಿದ ಸ್ಲೇಟು.

‘ಗುಣವಾಯ್ತಲ್ಲ, ಪ್ಯಾಕ್ ಮಾಡು’
ಎನ್ನುತ್ತಾನೆ ಧಣಿ ಎಂಗ್ರಾಸ್ಯೊ. ರಾಟರ್‌ಡ್ಯಾಮ್ ವಿಮಾನ ನಾಳೆ.
ಅವಳು ಕಿವಿರಿನ ಲೋಳೆಯನ್ನು ಸ್ಲೈಡಿಗೆ ಸವರಿ
ಕಣ್ಣಿಟ್ಟು ನೋಡಿ
ಏನೂ ಹೇಳದೆ ನನ್ನನ್ನು ಕರೆಯುತ್ತಾಳೆ.

ಒಂದೇ ಒಂದು ಬೂದು ಉಂಡೆ, ಮೈತುಂಬ ರೋಮ,
ಸುತ್ತುತ್ತಿದೆ ನಿಧಾನ, ತನ್ನ ಪಾಡಿಗೆ ತಾನು.

‘ಮಿಕ್ಕವು ತಳಕ್ಕಿಳಿದಿವೆ ಮಗಾ,
ಚಿಪ್ಪಿನೊಳಗೆ ಒಂದು ನೂರಾಗಲಿಕ್ಕೆ.
ಸಾಲ ಕೊಟ್ಟವನು ಬಾಗಿಲಲ್ಲಿ ಕಾಣದಿದ್ದರೆ
ಹಿತ್ತಿಲಲ್ಲಿ ನೋಡು.’

ಆಮೇಲೆ ತಾಮ್ರ. ಕಡಿಮೆಯಾದರೆ ಹುಳಕ್ಕೆ ನಗೆ,
ಹೆಚ್ಚಾದರೆ ಮೀನು ಮಗುಚೀತು.
ನಳಿಗೆಯ ನೀಲಿಯನ್ನು ಕಾರ್ಡಿನ ನೀಲಿಗೆ ಹಿಡಿದು
ಗುಂಡಿಗೆ ನೂಲು ಹೊಂದಿಸುವ ದರ್ಜಿಯಂತೆ ಕಣ್ಣು ಕಿರಿದು ಮಾಡುತ್ತಾಳೆ.
ಇನ್ನೊಂದು ಹನಿ. ಕಾಯಿ. ಇನ್ನರ್ಧ.

ನಡುವೆ ಏಂಜೆಲ್ ಮೀನಿಗೆ ಸಿಹಿನೀರ ಮುಳುಗು:
ಮೂರು ನಿಮಿಷ ಪಕ್ಕಕ್ಕೊರಗಿ ಸತ್ತಂತೆ ಮಲಗಿತು,
ನನ್ನ ಉಸಿರೂ ಅದರ ಜೊತೆ.
ಇದ್ದೂ ಕಾಣದಿದ್ದ ಹುಳಗಳು ಕಣ್ಣಿನಿಂದ ಕಳಚಿ ಬಿದ್ದವು,
ಬೆಂದ ಸಬ್ಬಕ್ಕಿ ಮರಳಿ ಹಸಿಯಾದಂತೆ
ಬೆಳ್ಳಗೆ.

ಎಂಗ್ರಾಸ್ಯೊ ಗೊಣಗುತ್ತ ಪೆಟ್ಟಿಗೆಯ ಚೀಟಿ ಕೆರೆದ.
ಹನ್ನೊಂದಕ್ಕೆ ಟ್ಯಾಂಗ್ ಒಂದು ಎಸಳು ಪಾಚಿ ಕಚ್ಚಿತು.
ಕೂಗಿ ಹೇಳಿದೆ.
ಅವಳು ತಿರುಗಲಿಲ್ಲ,
ಬಲೆ ತೊಳೆಯುತ್ತಿದ್ದಳು:
ಏಳರ ನೀರು
ಎಂಟಕ್ಕೆ ತಾಗಬಾರದು.